ಶಿಶು ಆಹಾರ ಮತ್ತು ‘ಗ್ಲುಟೆನ್‌ರಹಿತ’ ಎಂಬ ಪದ: ರಾಗಿ ಸರಿ ತಯಾರಕರಿಗೆ ಒಂದು ಅಧ್ಯಯನ

ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ಮಗುವಿಗೆ ಆರು ತಿಂಗಳು ತುಂಬುತ್ತಿದ್ದಂತೆ ರಾಗಿ ಸರಿಯ ಸಿದ್ಧತೆ ಆರಂಭವಾಗುವುದು ವಾಡಿಕೆ. ರಾಗಿಯನ್ನು ತೊಳೆದು, ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು, ಬೀಸಿ, ವಸ್ತ್ರಗಾಳಿತ ಮಾಡಿದ ಹಿಟ್ಟು ಮಗುವಿನ ಮೊದಲ ಧಾನ್ಯವಾಗುತ್ತದೆ. ಕರಾವಳಿಯಲ್ಲಿ ಇದೇ ರಾಗಿ ಮಣ್ಣಿಯ ರೂಪ ತಾಳುತ್ತದೆ. ಮನೆಯ ಈ ಕೆಲಸ ಈಗ ಉದ್ಯಮವಾಗಿದೆ. ಹಿಟ್ಟಿನ ಗಿರಣಿಯವರು, ಮಹಿಳಾ ಸ್ವಸಹಾಯ ಸಂಘಗಳು ಹಾಗೂ ಕಿರು ಆಹಾರ ಸಂಸ್ಕರಣಾ ಘಟಕಗಳು ಸಿದ್ಧ ಸರಿ ಹಿಟ್ಟನ್ನು ಪೊಟ್ಟಣಗಳಲ್ಲಿ ಮಾರುತ್ತಿವೆ. ಇತ್ತೀಚಿನ ವರ್ಷಗಳಲ್ಲಿ ಅಂತಹ ಪೊಟ್ಟಣಗಳ ಮೇಲೆ ‘ಗ್ಲುಟೆನ್ ಫ್ರೀ’ ಎಂಬ ಎರಡು ಪದಗಳೂ ಕಾಣಿಸಿಕೊಳ್ಳತೊಡಗಿವೆ.

ರಾಗಿಯಲ್ಲಿ ಗ್ಲುಟೆನ್ ಇಲ್ಲ ಎಂಬುದು ನಿಜ. ಆದರೆ ಹೊಲದಲ್ಲಿ ಇಲ್ಲದ ವಸ್ತುವು ಪೊಟ್ಟಣದಲ್ಲಿಯೂ ಇಲ್ಲವೆಂದು ಹೇಳಲು ನಡುವಿನ ಪ್ರತಿಯೊಂದು ಹಂತವೂ ಅದಕ್ಕೆ ಸಾಕ್ಷಿಯಾಗಬೇಕು. ‘ಗ್ಲುಟೆನ್‌ರಹಿತ’ ಎಂಬುದು ಧಾನ್ಯದ ಹೊಗಳಿಕೆಯಲ್ಲ, ತಯಾರಕನು ಬರೆದುಕೊಡುವ ಖಾತರಿ ಪತ್ರ. ಈ ಖಾತರಿಯ ಅರ್ಥವೇನು, ಅದನ್ನು ಉಳಿಸಿಕೊಳ್ಳುವ ಬಗೆ ಹೇಗೆ ಮತ್ತು ಕಾನೂನು ಏನನ್ನು ಬಯಸುತ್ತದೆ ಎಂಬುದನ್ನು ವರ್ತಕ ಹಾಗೂ ಕಿರು ಉದ್ದಿಮೆದಾರ ಬಂಧುಗಳ ಮುಂದಿಡುವುದೇ ಪ್ರಸ್ತುತ ಲೇಖನದ ಉದ್ದೇಶ.

1. ಗ್ಲುಟೆನ್ ಎಂದರೇನು?

ಗೋಧಿ ಹಿಟ್ಟನ್ನು ನೀರು ಹಾಕಿ ನಾದಿದಾಗ ಅದು ಎಳೆದಂತೆಲ್ಲ ಹಿಗ್ಗುತ್ತದೆ. ಈ ಜಿಗುಟಿಗೆ ಕಾರಣವಾದ ಪ್ರೋಟೀನುಗಳ ಸಮೂಹವೇ ಗ್ಲುಟೆನ್. ಇದು ಗೋಧಿ, ಬಾರ್ಲಿ ಅಥವಾ ಜವೆಗೋಧಿ, ಮತ್ತು ರೈ ಎಂಬ ಧಾನ್ಯಗಳಲ್ಲಿದೆ. ಮೈದಾ, ರವೆ, ಶಾವಿಗೆ, ಗೋಧಿ ನುಚ್ಚು ಇವೆಲ್ಲ ಗೋಧಿಯ ರೂಪಗಳೇ. ಉತ್ತರ ಕರ್ನಾಟಕದಲ್ಲಿ ಬಳಕೆಯಲ್ಲಿರುವ ಕಪ್ಲಿ ಗೋಧಿಯು ಹಳೆಯ ತಳಿಯಾದ್ದರಿಂದ ಅದರಲ್ಲಿ ಗ್ಲುಟೆನ್ ಇಲ್ಲವೆಂಬ ನಂಬಿಕೆ ಕೆಲವೆಡೆ ಇದೆ, ಅದು ತಪ್ಪು. ಓಟ್ಸ್ ಧಾನ್ಯದ ಪ್ರೋಟೀನು ಬೇರೆ ಬಗೆಯದಾದರೂ ಬೆಳೆಯುವಾಗ ಮತ್ತು ಸಾಗಿಸುವಾಗ ಅದು ಗೋಧಿ, ಬಾರ್ಲಿಗಳೊಡನೆ ಬೆರೆಯುವುದು ಸಾಮಾನ್ಯ.

ರಾಗಿ, ಅಕ್ಕಿ, ಜೋಳ, ಸಜ್ಜೆ, ಮೆಕ್ಕೆಜೋಳ, ನವಣೆ, ಸಾಮೆ, ಹಾರಕ, ಬರಗು, ಊದಲು ಇವು ಸ್ವಭಾವತಃ ಗ್ಲುಟೆನ್ ಇಲ್ಲದ ಧಾನ್ಯಗಳು. ಹೆಸರುಕಾಳು, ಕಡಲೆ ಮೊದಲಾದ ದ್ವಿದಳ ಧಾನ್ಯಗಳಲ್ಲಿಯೂ ಗ್ಲುಟೆನ್ ಇರುವುದಿಲ್ಲ.

ಇಲ್ಲಿ ‘ಮಾಲ್ಟ್’ ಎಂಬ ಪದದ ಬಗೆಗೆ ಒಂದು ಎಚ್ಚರಿಕೆ ಅಗತ್ಯ. ಮೊಳಕೆ ಬರಿಸಿ ಒಣಗಿಸಿದ ಯಾವುದೇ ಧಾನ್ಯವನ್ನು ಮಾಲ್ಟ್ ಎನ್ನಬಹುದು. ರಾಗಿ ಮಾಲ್ಟಿನಲ್ಲಿ ಗ್ಲುಟೆನ್ ಇಲ್ಲ. ಆದರೆ ಮಾರುಕಟ್ಟೆಯಲ್ಲಿ ‘ಮಾಲ್ಟ್ ಎಕ್ಸ್‌ಟ್ರಾಕ್ಟ್’ ಎಂದು ದೊರೆಯುವ ಸರಕು ಸಾಮಾನ್ಯವಾಗಿ ಬಾರ್ಲಿಯದು. ಬಣ್ಣಕ್ಕೋ ರುಚಿಗೋ ಅದನ್ನು ರಾಗಿ ಹಿಟ್ಟಿಗೆ ಬೆರೆಸಿದ ಕೂಡಲೇ ಗ್ಲುಟೆನ್‌ರಹಿತ ಎಂಬ ಮಾತು ಸುಳ್ಳಾಗುತ್ತದೆ.

2. ಸೀಲಿಯಾಕ್ ರೋಗ ಬೇರೆ, ಅಲರ್ಜಿ ಬೇರೆ

ಗ್ರಾಹಕರು ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ತಯಾರಕರು ಮಾತ್ರ ಇವುಗಳ ಭೇದವನ್ನು ಸ್ಪಷ್ಟವಾಗಿ ಅರಿತಿರಬೇಕು.

ಸೀಲಿಯಾಕ್ ರೋಗದಲ್ಲಿ ಗ್ಲುಟೆನ್ ಸೇವನೆಯಿಂದ ಕೆರಳಿದ ದೇಹದ ರಕ್ಷಣಾ ವ್ಯವಸ್ಥೆಯು ಸಣ್ಣ ಕರುಳಿನ ಒಳಪದರವನ್ನೇ ಹಾಳು ಮಾಡುತ್ತದೆ. ಆಹಾರದ ಸತ್ವ ಮೈಗೆ ಹತ್ತುವುದಿಲ್ಲ. ಮಗುವಿಗೆ ಪದೇ ಪದೇ ಭೇದಿ, ಹೊಟ್ಟೆ ಉಬ್ಬರ, ರಕ್ತಹೀನತೆ ಕಾಣಿಸಿಕೊಳ್ಳಬಹುದು. ತೂಕ ಮತ್ತು ಎತ್ತರ ಕುಂಠಿತವಾಗಬಹುದು. ಈ ರೋಗಲಕ್ಷಣಗಳನ್ನು ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ಗೀ 1888ರಲ್ಲಿ ವಿವರಿಸಿದ್ದರು. ಆದರೆ ಕಾರಣ ತಿಳಿಯಲು ಇನ್ನೂ ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಬೇಕಾಯಿತು. ನೆದರ್ಲೆಂಡಿನ ಮಕ್ಕಳ ವೈದ್ಯ ವಿಲೆಮ್ ಡಿಕೆ ಅವರು 1944–45ರ ಚಳಿಗಾಲದ ಕ್ಷಾಮದಲ್ಲಿ ಬ್ರೆಡ್ಡು ಸಿಗದಿದ್ದಾಗ ಇಂತಹ ಮಕ್ಕಳು ಸುಧಾರಿಸಿಕೊಂಡುದನ್ನೂ, ಬ್ರೆಡ್ಡು ಮರಳಿ ಬಂದಾಗ ಮತ್ತೆ ಕಾಯಿಲೆ ಬಿದ್ದುದನ್ನೂ ಗಮನಿಸಿದರು. ಗೋಧಿಯ ಪಾತ್ರವನ್ನು ಕುರಿತ ಅವರ ಪ್ರಬಂಧ 1950ರಲ್ಲಿ ಹೊರಬಂದಿತು. ಇಂದಿಗೂ ಈ ರೋಗಕ್ಕೆ ಸ್ಥಾಪಿತ ಚಿಕಿತ್ಸೆಯೆಂದರೆ ಜೀವನಪೂರ್ತಿ ಗ್ಲುಟೆನ್ ಇಲ್ಲದ ಆಹಾರವೇ. ಅಂದರೆ ಇಂತಹ ಮಗುವಿನ ಪಾಲಿಗೆ ನಮ್ಮ ಪೊಟ್ಟಣವೇ ಔಷಧ. ಅದರಲ್ಲಿ ಗೋಧಿಯ ಹುಡಿ ಬೆರೆತಿದ್ದರೆ ಔಷಧದಲ್ಲಿ ವಿಷ ಬೆರೆತಂತೆ.

ಗೋಧಿಯ ಅಲರ್ಜಿ ಇದಕ್ಕಿಂತ ಭಿನ್ನ. ಅದರಲ್ಲಿ ಗೋಧಿಯ ಹಲವು ಬಗೆಯ ಪ್ರೋಟೀನುಗಳಲ್ಲಿ ಯಾವುದಾದರೊಂದಕ್ಕೆ ದೇಹ ತಕ್ಷಣವೇ ಪ್ರತಿಕ್ರಿಯಿಸಬಹುದು. ಮೈಮೇಲೆ ಗಂಧೆ ಏಳುವುದು, ತುಟಿ ಊದಿಕೊಳ್ಳುವುದು, ವಾಂತಿ, ಉಸಿರಾಟದ ತೊಂದರೆ ಇದರ ಲಕ್ಷಣಗಳು. ಗ್ಲುಟೆನ್ ಪ್ರಮಾಣ ಮಿತಿಯೊಳಗಿದ್ದ ಮಾತ್ರಕ್ಕೆ ಆ ಆಹಾರ ಗೋಧಿ ಅಲರ್ಜಿಯ ಮಗುವಿಗೆ ಸುರಕ್ಷಿತವೆಂದು ಹೇಳಲಾಗದು.

ಹಾಗೆಯೇ ‘ಗ್ಲುಟೆನ್‌ರಹಿತ’ ಎಂದರೆ ‘ಅಲರ್ಜಿರಹಿತ’ ಎಂದೂ ಅಲ್ಲ. ಶಿಶುಗಳಲ್ಲಿ ಹಸುವಿನ ಹಾಲು, ಮೊಟ್ಟೆ, ನೆಲಗಡಲೆ, ಗೋಡಂಬಿ, ಬಾದಾಮಿ, ಸೋಯಾ ಇವುಗಳಿಗೂ ಅಲರ್ಜಿ ಇರುತ್ತದೆ. ಸರಿ ಹಿಟ್ಟಿಗೆ ಹಾಲಿನ ಪುಡಿ, ಬಾದಾಮಿ, ಗೋಡಂಬಿ ಬೆರೆಸಿ ‘ಪುಷ್ಟಿಕರ’ವೆಂದು ಮಾರುವುದು ನಮ್ಮಲ್ಲಿ ರೂಢಿ. ಅಂತಹ ಪೊಟ್ಟಣದ ಮುಂಭಾಗದಲ್ಲಿ ‘ಗ್ಲುಟೆನ್ ಫ್ರೀ’ ಎಂದು ದೊಡ್ಡದಾಗಿಯೂ, ಹಿಂಭಾಗದಲ್ಲಿ ಹಾಲಿನ ಪುಡಿಯ ಹೆಸರು ಓದಲಾಗದಷ್ಟು ಸಣ್ಣದಾಗಿಯೂ ಇದ್ದರೆ ಹಾಲಿನ ಅಲರ್ಜಿ ಇರುವ ಮಗುವಿನ ತಾಯಿ ಮೋಸಹೋಗುತ್ತಾಳೆ.

3. ಮಾರುಕಟ್ಟೆ ಎಲ್ಲಿದೆ?

ಉತ್ಪಾದನೆಗೆ ಮುನ್ನ ಬೇಡಿಕೆಯ ನೈಜ ಚಿತ್ರ ತಿಳಿದಿರಬೇಕು. ಭಾರತದ ಮೂರು ಪ್ರದೇಶಗಳ ವಯಸ್ಕರಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಂತೆ ಸೀಲಿಯಾಕ್ ರೋಗದ ಪ್ರಮಾಣ ಉತ್ತರ ಭಾರತದಲ್ಲಿ ಶೇ. 1.23, ಈಶಾನ್ಯದಲ್ಲಿ ಶೇ. 0.87 ಹಾಗೂ ದಕ್ಷಿಣದಲ್ಲಿ ಶೇ. 0.10. ಉತ್ತರದಲ್ಲಿ ಗೋಧಿಯೇ ನಿತ್ಯದ ಊಟ. ಅಲ್ಲಿ ಸರಿಸುಮಾರು ಎಂಬತ್ತು ಜನರಿಗೆ ಒಬ್ಬರಂತೆ ಈ ರೋಗ ಕಂಡುಬಂದರೆ ದಕ್ಷಿಣದಲ್ಲಿ ಸಾವಿರಕ್ಕೆ ಒಬ್ಬರು.

ಇದರಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ರೋಗದ ಕಾರಣಕ್ಕೆ ಗ್ಲುಟೆನ್‌ರಹಿತ ಆಹಾರ ಬೇಕಾದ ಕುಟುಂಬಗಳು ನಮ್ಮ ಊರಿನ ಅಂಗಡಿ ಬೀದಿಗಿಂತ ದೆಹಲಿ, ಪಂಜಾಬ್, ಹರಿಯಾಣಗಳಲ್ಲಿ ಹೆಚ್ಚು. ಎರಡನೆಯದಾಗಿ, ಅವರಿಗೆ ಬೇಕಾದ ರಾಗಿ ಇರುವುದು ನಮ್ಮಲ್ಲಿ. ದೇಶದಲ್ಲಿ ಅತಿ ಹೆಚ್ಚು ರಾಗಿ ಬೆಳೆಯುವ ರಾಜ್ಯ ಕರ್ನಾಟಕ. ವಿಶ್ವಸಂಸ್ಥೆಯು 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದ ಬಳಿಕ ರಾಗಿಯ ಹೆಸರು ಹೊರಗಿನವರಿಗೂ ಪರಿಚಿತವಾಗಿದೆ. ಆದರೆ ದೂರದ ಊರಿನ ಗ್ರಾಹಕನಿಗೆ ನಮ್ಮ ಗಿರಣಿಯ ಮುಖಪರಿಚಯವಿಲ್ಲ. ಅವನು ನಂಬುವುದು ಪೊಟ್ಟಣದ ಮೇಲಿನ ಅಕ್ಷರಗಳನ್ನು ಮಾತ್ರ.

4. ರಾಗಿಯ ಯೋಗ್ಯತೆ ಮತ್ತು ಮಿತಿ

ನೂರು ಗ್ರಾಂ ರಾಗಿಯಲ್ಲಿ ಸುಮಾರು 340ರಿಂದ 365 ಮಿಲಿಗ್ರಾಂ ಸುಣ್ಣದ ಅಂಶವಿದೆ. ಅಕ್ಕಿ, ಗೋಧಿಗಳಲ್ಲಿ ಇದರ ಸಮೀಪಕ್ಕೂ ಬರುವಷ್ಟಿಲ್ಲ. ಪ್ರೋಟೀನು ಶೇ. 7ರ ಆಸುಪಾಸು. ಸಸಾರಜನಕದ ಈ ಕೊರತೆಯನ್ನು ತುಂಬಲು ಹೆಸರುಬೇಳೆಯನ್ನು ಕೂಡಿಸುವುದು ಉತ್ತಮ ಕ್ರಮ. ಧಾನ್ಯದಲ್ಲಿ ಕಡಿಮೆ ಇರುವ ಲೈಸಿನ್ ಎಂಬ ಅಂಶ ಬೇಳೆಯಿಂದ ದೊರೆಯುತ್ತದೆ.

ಮೊಳಕೆ ಬರಿಸುವ ಕ್ರಮದಲ್ಲಿ ವಿಜ್ಞಾನವೇ ಅಡಗಿದೆ. ಮೊಳೆತ ಕಾಳಿನಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುತ್ತದೆ. ಅದರಿಂದ ಗಂಜಿ ಅಷ್ಟಾಗಿ ಗಟ್ಟಿಯಾಗುವುದಿಲ್ಲ. ಮಗುವಿನ ಹೊಟ್ಟೆ ಚಿಕ್ಕದು; ನೀರಾದ ಗಂಜಿಯಲ್ಲಿ ಹಿಟ್ಟು ಕಡಿಮೆ, ಹಿಟ್ಟು ಹೆಚ್ಚಿಸಿದರೆ ನುಂಗಲಾಗದಷ್ಟು ಗಟ್ಟಿ. ಮೊಳಕೆ ಹಿಟ್ಟು ಈ ಇಕ್ಕಟ್ಟನ್ನು ಬಿಡಿಸುತ್ತದೆ. ಅಷ್ಟೇ ಪ್ರಮಾಣದ ಗಂಜಿಯಲ್ಲಿ ಹೆಚ್ಚು ಹಿಟ್ಟು, ಹೆಚ್ಚು ಶಕ್ತಿ. ಕಬ್ಬಿಣದ ಹೀರಿಕೆಯನ್ನು ತಡೆಯುವ ಫೈಟೇಟ್ ಅಂಶವೂ ಮೊಳಕೆಯಿಂದ ತಗ್ಗುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳಾದ ಮಲ್ಲೇಶಿ ಮತ್ತು ದೇಶಿಕಾಚಾರ್ ಅವರು ಮೊಳಕೆ ರಾಗಿ ಮತ್ತು ಹೆಸರುಕಾಳುಗಳಿಂದ ಇಂತಹ ಶಿಶು ಆಹಾರ ತಯಾರಿಸುವ ಬಗೆಯನ್ನು 1982ರಲ್ಲಿಯೇ ಪ್ರಕಟಿಸಿದ್ದರು. ನಮ್ಮ ಅಜ್ಜಿಯರ ಕ್ರಮಕ್ಕೆ ಪ್ರಯೋಗಾಲಯದ ಸಮರ್ಥನೆ ಹೀಗೆ ನಾಲ್ಕು ದಶಕಗಳ ಹಿಂದೆಯೇ ದೊರೆತಿದೆ.

ಅಕ್ಕಿಯೊಂದನ್ನೇ ನೆಚ್ಚಿ ಗ್ಲುಟೆನ್‌ರಹಿತ ಶಿಶು ಆಹಾರ ತಯಾರಿಸುವವರು ಇನ್ನೊಂದು ಅಂಶ ಗಮನಿಸಬೇಕು. ಭತ್ತವು ಮಣ್ಣು–ನೀರಿನಿಂದ ಆರ್ಸೆನಿಕ್ ಎಂಬ ವಿಷಧಾತುವನ್ನು ಇತರ ಧಾನ್ಯಗಳಿಗಿಂತ ಹೆಚ್ಚು ಹೀರುತ್ತದೆ. ಈ ಕಾರಣದಿಂದ ಯುರೋಪಿಯನ್ ಒಕ್ಕೂಟವು 2016ರಿಂದಲೂ, ಅಮೆರಿಕದ ಆಹಾರ ಆಡಳಿತವು 2020ರಲ್ಲಿಯೂ ಶಿಶುಗಳ ಅಕ್ಕಿ ಆಹಾರಕ್ಕೆ ಕಿಲೋಗೆ 0.1 ಮಿಲಿಗ್ರಾಂ ನಿರವಯವ ಆರ್ಸೆನಿಕ್ ಎಂಬ ಮಿತಿ ನಿಗದಿಪಡಿಸಿವೆ. ರಫ್ತಿನ ಆಲೋಚನೆ ಇರುವವರಿಗೆ ಇದು ಮುಖ್ಯ. ಧಾನ್ಯಗಳನ್ನು ಬದಲಿಸಿ ಉಣಿಸುವುದು ಮಗುವಿಗೂ ಹಿತ.

5. ಇಪ್ಪತ್ತು ಮಿಲಿಗ್ರಾಮಿನ ಲೆಕ್ಕ

ಅಂತರರಾಷ್ಟ್ರೀಯ ಆಹಾರ ಸಂಹಿತೆಯಾದ ಕೋಡೆಕ್ಸ್ 2008ರಲ್ಲಿ ಪರಿಷ್ಕರಿಸಿದ ಮಾನಕದಂತೆ ‘ಗ್ಲುಟೆನ್‌ರಹಿತ’ ಎನ್ನಬೇಕಾದರೆ ಒಂದು ಕಿಲೋ ಆಹಾರದಲ್ಲಿ ಗ್ಲುಟೆನ್ 20 ಮಿಲಿಗ್ರಾಮಿಗಿಂತ ಹೆಚ್ಚಿರಬಾರದು. ಅಮೆರಿಕ 2013ರಲ್ಲಿ ಇದೇ ಅಂಕಿಯನ್ನು ಸ್ವೀಕರಿಸಿತು. ನಮ್ಮ ದೇಶದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವೂ ಇದನ್ನೇ ನಿಯಮವಾಗಿಸಿದೆ. ಕಿಲೋಗೆ 20ರಿಂದ 100 ಮಿಲಿಗ್ರಾಂ ಇದ್ದರೆ ಅದು ‘ಕಡಿಮೆ ಗ್ಲುಟೆನ್’ ವರ್ಗಕ್ಕೆ ಸೇರುತ್ತದೆ.

ಇಪ್ಪತ್ತು ಮಿಲಿಗ್ರಾಂ ಎಂದರೆ ಎಷ್ಟೆಂಬುದನ್ನು ಗಿರಣಿಯ ಭಾಷೆಯಲ್ಲಿ ನೋಡೋಣ. ಗೋಧಿ ಹಿಟ್ಟಿನಲ್ಲಿ ಅಂದಾಜು ಶೇ. 8ರಿಂದ 10ರಷ್ಟು ಗ್ಲುಟೆನ್ ಇರುತ್ತದೆ ಎಂದಿಟ್ಟುಕೊಳ್ಳೋಣ.

ಅ) ನೂರು ಕಿಲೋ ರಾಗಿ ಹಿಟ್ಟಿಗೆ ಅನುಮತಿಸಿದ ಗ್ಲುಟೆನ್: 20 × 100 = 2,000 ಮಿಲಿಗ್ರಾಂ, ಅಂದರೆ 2 ಗ್ರಾಂ.

ಆ) ಎರಡು ಗ್ರಾಂ ಗ್ಲುಟೆನ್ ಇರುವ ಗೋಧಿ ಹಿಟ್ಟು: 20ರಿಂದ 25 ಗ್ರಾಂ. ಇದು ಅಂಗೈಯಲ್ಲಿ ಹಿಡಿಸುವಷ್ಟು ಹಿಟ್ಟು ಮಾತ್ರ.

ಇ) ಕಾಳಿನ ಲೆಕ್ಕದಲ್ಲಿ: ಒಂದು ಗೋಧಿ ಕಾಳಿನ ತೂಕ ಸುಮಾರು 40 ಮಿಲಿಗ್ರಾಂ. ಒಂದು ಕಿಲೋ ರಾಗಿಯೊಳಗೆ ಆರೇಳು ಗೋಧಿ ಕಾಳು ಬಿದ್ದರೆ ಮಿತಿ ಮುಗಿಯಿತು.

ಈ) ಗೋಧಿ ಬೀಸಿದ ಯಂತ್ರದ ಕಲ್ಲು, ಕೊಳವೆ, ಜರಡಿ, ಬಟ್ಟೆ ಚೀಲಗಳಲ್ಲಿ ಅರ್ಧ ಕಿಲೋ ಹಿಟ್ಟು ಉಳಿದಿದ್ದು, ಅನಂತರ ಬೀಸಿದ ನೂರು ಕಿಲೋ ರಾಗಿಗೆ ಅದೆಲ್ಲ ಬೆರೆತರೆ: ಪ್ರತಿ ಕಿಲೋಗೆ 400ರಿಂದ 500 ಮಿಲಿಗ್ರಾಂ ಗ್ಲುಟೆನ್. ಮಿತಿಯ ಇಪ್ಪತ್ತು ಪಟ್ಟು ಅಥವಾ ಅದಕ್ಕೂ ಹೆಚ್ಚು. ವಾಸ್ತವದಲ್ಲಿ ಉಳಿದ ಹಿಟ್ಟೆಲ್ಲ ಸಮನಾಗಿ ಹಂಚಿಹೋಗದೆ ಮೊದಲು ಹೊರಬರುವ ಕೆಲವು ಕಿಲೋಗಳಲ್ಲಿಯೇ ಹೆಚ್ಚಾಗಿ ಸೇರುವುದರಿಂದ ಆ ಪೊಟ್ಟಣಗಳ ಸ್ಥಿತಿ ಇನ್ನೂ ಕೆಟ್ಟದು.

ಈ ಕಟ್ಟುನಿಟ್ಟು ಅನಾವಶ್ಯಕವೆಂದು ತೋರಬಹುದು. ಆದರೆ ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್, ಅಂದರೆ ಸುಮಾರು ಅರ್ಧ ಗ್ರಾಂ ಗೋಧಿ ಹಿಟ್ಟು, ಮೂರು ತಿಂಗಳು ಸೇವಿಸಿದ ವಯಸ್ಕ ರೋಗಿಗಳ ಕರುಳಿನ ಪದರಕ್ಕೆ ಹಾನಿಯಾದುದನ್ನು 2007ರಲ್ಲಿ ಇಟಲಿಯ ಸಂಶೋಧಕರು ತೋರಿಸಿದ್ದಾರೆ. ಶಿಶುವಿನ ದೇಹ ಎಷ್ಟು ಚಿಕ್ಕದೆಂಬುದನ್ನು ಓದುಗರೇ ಊಹಿಸಬಹುದು. ಸ್ವಭಾವತಃ ಗ್ಲುಟೆನ್ ಇಲ್ಲದ ಧಾನ್ಯ, ಬೀಜ, ಹಿಟ್ಟುಗಳ 22 ಮಾದರಿಗಳನ್ನು ಅಮೆರಿಕದಲ್ಲಿ ಪರೀಕ್ಷಿಸಿದಾಗ ಏಳು ಮಾದರಿಗಳು ಈ ಮಿತಿಯನ್ನು ಮುಟ್ಟಿದ್ದವು ಅಥವಾ ಮೀರಿದ್ದವು ಎಂದು 2010ರ ವರದಿ ತಿಳಿಸುತ್ತದೆ. ಅವುಗಳಿಗೆ ಯಾರೂ ಗೋಧಿ ಬೆರೆಸಿರಲಿಲ್ಲ. ಗೋಧಿ ತಾನೇ ಬೆರೆತಿತ್ತು.

6. ಗೋಧಿ ಎಲ್ಲಿಂದ ನುಸುಳುತ್ತದೆ?

ದಕ್ಷಿಣ ಕರ್ನಾಟಕದ ರಾಗಿ ಹೊಲಗಳ ಅಕ್ಕಡಿ ಸಾಲುಗಳಲ್ಲಿ ಅವರೆ, ತೊಗರಿ, ಸಾಸಿವೆ, ಹುಚ್ಚೆಳ್ಳು ಇರುತ್ತವೆಯೇ ಹೊರತು ಗೋಧಿ ಇರುವುದು ಅಪರೂಪ. ಹಾಗಾಗಿ ಅಪಾಯ ಹೆಚ್ಚಾಗಿ ಸುಗ್ಗಿಯ ನಂತರದ್ದು. ಹಂತಹಂತವಾಗಿ ಪರಿಶೀಲಿಸೋಣ.

ಖರೀದಿ: ಮಂಡಿಯಲ್ಲಿ ಒಂದೇ ಕಟ್ಟೆಯ ಮೇಲೆ ಹಲವು ಧಾನ್ಯ ಸುರಿಯುತ್ತಾರೆ. ಹಿಂದೆ ಗೋಧಿ ತುಂಬಿದ್ದ ಗೋಣಿಚೀಲಕ್ಕೆ ರಾಗಿ ತುಂಬುವುದೂ ಉಂಟು. ರೈತರಿಂದ ಅಥವಾ ರೈತ ಉತ್ಪಾದಕ ಸಂಸ್ಥೆಗಳಿಂದ ನೇರವಾಗಿ, ಹೊಸ ಚೀಲದಲ್ಲಿ ಕೊಳ್ಳುವುದು ಮೇಲು.

ಶುಚಿಗೊಳಿಸುವಿಕೆ: ಇಲ್ಲಿ ರಾಗಿಗೆ ಒಂದು ಅನುಕೂಲವಿದೆ. ರಾಗಿ ಅತಿ ಸಣ್ಣ ಕಾಳು, ಗೋಧಿ ದೊಡ್ಡದು. ಸರಿಯಾದ ಕಣ್ಣಿನ ಜರಡಿಯಲ್ಲಿ ರಾಗಿ ಕೆಳಗಿಳಿದು ಇಡೀ ಗೋಧಿ ಮೇಲೆ ಉಳಿಯುತ್ತದೆ. ಜೋಳಕ್ಕೆ ಈ ಅನುಕೂಲ ಇಷ್ಟಿಲ್ಲ. ಆದರೆ ಒಡೆದ ಗೋಧಿ ಮತ್ತು ಹುಡಿಯನ್ನು ಜರಡಿ ತಡೆಯದು. ಜರಡಿಯ ಬಳಿಕ ತೊಳೆಯುವುದು ಅದಕ್ಕೇ ಅವಶ್ಯಕ.

ಮೊಳಕೆ ಮತ್ತು ಒಣಗಿಸುವಿಕೆ: ಹಪ್ಪಳ, ಶಾವಿಗೆ ಒಣಗಿಸುವ ತಾರಸಿಯಲ್ಲಿಯೇ ಮೊಳಕೆ ರಾಗಿಯನ್ನೂ ಹರಡಬಾರದು. ತೆರೆದ ಬಯಲಿನಲ್ಲಿ ಒಣಗಿಸಿದರೆ ಧೂಳು, ಹಕ್ಕಿ, ನೊಣಗಳ ಕಾಟ. ಸರಿಯಾಗಿ ಒಣಗದಿದ್ದರೆ ಬೂಷ್ಟು. ಶಿಶು ಆಹಾರಕ್ಕೆ ಮುಚ್ಚಿದ ಒಣಗಿಸುವ ಯಂತ್ರವೇ ಯೋಗ್ಯ.

ಬೀಸುವಿಕೆ: ಇದೇ ಅತಿ ದೊಡ್ಡ ಅಪಾಯದ ಹಂತ. ಗೋಧಿಯನ್ನೂ ಬೀಸುವ ಗಿರಣಿಯಲ್ಲಿ ‘ಮೊದಲು ಸ್ವಲ್ಪ ಅಕ್ಕಿ ಹಾಕಿ ತೊಳೆದೆವು’ ಎಂಬ ಸಮಾಧಾನ ಸಾಲದು. ಮೇಲಿನ ಲೆಕ್ಕವನ್ನು ಗಮನಿಸಿದವರಿಗೆ ಕಾರಣ ತಿಳಿದಿರುತ್ತದೆ. ಪ್ರತ್ಯೇಕ ಯಂತ್ರ, ಸಾಧ್ಯವಾದರೆ ಪ್ರತ್ಯೇಕ ಕೊಠಡಿ ಬೇಕು. ಹಾರುವ ಗೋಧಿ ಹುಡಿ ಗೋಡೆ, ಬಟ್ಟೆ, ಫ್ಯಾನುಗಳ ಮೇಲೆ ಕುಳಿತು ಮತ್ತೆ ಇಳಿಯುತ್ತದೆ.

ಮಿಶ್ರಣ: ಹಾಕುವ ಪ್ರತಿಯೊಂದು ಪದಾರ್ಥಕ್ಕೂ ಪೂರೈಕೆದಾರರಿಂದ ಲಿಖಿತ ವಿವರ ಪಡೆಯಬೇಕು. ಮನೆಯ ‘ಬಹುಧಾನ್ಯ’ ಸರಿಯಲ್ಲಿ ಗೋಧಿಯೂ ಒಂದು ಧಾನ್ಯವಾಗಿರುವುದು ಸಾಮಾನ್ಯ. ಆ ಪಾಕವನ್ನು ಹಾಗೆಯೇ ಎತ್ತಿಕೊಳ್ಳುವಂತಿಲ್ಲ. ಅದೇ ಘಟಕದಲ್ಲಿ ಮಸಾಲೆ ಪುಡಿಗಳನ್ನೂ ಮಾಡುವವರು ಅಂಗಡಿಯ ಕೂಟು ಹಿಂಗಿನಲ್ಲಿ ಮೈದಾ ಇರುವ ಸಾಧ್ಯತೆ ಮರೆಯಬಾರದು. ಒಂದು ವರ್ಷದೊಳಗಿನ ಶಿಶುವಿಗೆ ಜೇನುತುಪ್ಪ ಸಲ್ಲದು ಎಂಬುದನ್ನೂ ನೆನಪಿಡಬೇಕು.

ಕೆಲಸಗಾರರು: ಮಧ್ಯಾಹ್ನ ಚಪಾತಿ ಉಂಡು ಅದೇ ಕೈಯಲ್ಲಿ ಪೊಟ್ಟಣ ತುಂಬಿದರೂ ಕಷ್ಟ. ಕೈತೊಳೆತ, ಪ್ರತ್ಯೇಕ ಮೇಲಂಗಿ, ಊಟಕ್ಕೆ ಬೇರೆ ಸ್ಥಳ ಇವು ದುಬಾರಿಯಲ್ಲದ ಕ್ರಮಗಳು.

7. ಪರೀಕ್ಷೆ ಮತ್ತು ದಾಖಲೆ

ಗ್ಲುಟೆನ್ ಕಣ್ಣಿಗೆ ಕಾಣದು, ನಾಲಿಗೆಗೆ ತಿಳಿಯದು. ಕೋಡೆಕ್ಸ್ ಒಪ್ಪಿರುವ ಪರೀಕ್ಷಾ ವಿಧಾನ ‘ಆರ್5 ಎಲೈಸಾ’. ಎನ್‌ಎಬಿಎಲ್ ಮಾನ್ಯತೆ ಇರುವ, ಮತ್ತು ಆ ಮಾನ್ಯತೆಯಲ್ಲಿ ಗ್ಲುಟೆನ್ ಪರೀಕ್ಷೆಯೂ ಸೇರಿರುವ ಪ್ರಯೋಗಾಲಯಕ್ಕೇ ಮಾದರಿ ಕಳುಹಿಸಬೇಕು. ಘಟಕದಲ್ಲಿಯೇ ಬಳಸುವ ಪಟ್ಟಿ ಮಾದರಿಯ ಶೀಘ್ರ ಪರೀಕ್ಷಾ ಸಾಧನಗಳೂ ದೊರೆಯುತ್ತವೆ; ಯಂತ್ರ ತೊಳೆದ ಬಳಿಕ ಮೇಲ್ಮೈ ಒರೆಸಿ ನೋಡಲು ಇವು ಉಪಯುಕ್ತ.

ವರ್ಷಕ್ಕೊಮ್ಮೆ ಒಂದು ಪೊಟ್ಟಣ ಪರೀಕ್ಷಿಸಿ ಆ ವರದಿಯನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರೆ ಪ್ರಯೋಜನವಿಲ್ಲ. ಅದು ಆ ಪೊಟ್ಟಣದ ವರದಿ ಮಾತ್ರ. ಹಿಟ್ಟಿನಲ್ಲಿ ಗೋಧಿ ಒಂದೆಡೆ ಇದ್ದು ಇನ್ನೊಂದೆಡೆ ಇಲ್ಲದಿರಬಹುದು. ಆದ್ದರಿಂದ ತಯಾರಿಕೆಯ ಆರಂಭ, ಮಧ್ಯ ಮತ್ತು ಕೊನೆಯಲ್ಲಿ ಮಾದರಿ ತೆಗೆದು, ಪ್ರತಿ ತಂಡಕ್ಕೂ ಸಂಖ್ಯೆ ಕೊಟ್ಟು, ಯಾವ ರೈತರ ರಾಗಿ, ಯಾವ ದಿನ ಬೀಸಿದ್ದು, ಯಾವ ಅಂಗಡಿಗೆ ಹೋಯಿತು ಎಂಬುದನ್ನು ಪುಸ್ತಕದಲ್ಲಿ ಬರೆದಿಡಬೇಕು. ದೂರು ಬಂದ ದಿನ ಇಡೀ ವರ್ಷದ ಸರಕನ್ನು ಹಿಂಪಡೆಯುವ ಬದಲು ಒಂದು ತಂಡವನ್ನು ಮಾತ್ರ ಹಿಂಪಡೆಯಲು ಈ ಪುಸ್ತಕವೇ ಆಧಾರ.

8. ಕಾನೂನಿನ ಚೌಕಟ್ಟು

ಈ ಉದ್ಯಮಕ್ಕೆ ಎರಡು ಬಗೆಯ ಕಾನೂನು ಅನ್ವಯಿಸುತ್ತದೆ. ನಮ್ಮ ಅನೇಕ ಕಿರು ಉದ್ದಿಮೆದಾರರಿಗೆ ಮೊದಲನೆಯದು ಗೊತ್ತು, ಎರಡನೆಯದು ಗೊತ್ತಿಲ್ಲ.

ಮೊದಲನೆಯದು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಅಧಿನಿಯಮ ಹಾಗೂ ಅದರಡಿಯ ನಿಯಮಗಳು. 2020ರ ಶಿಶು ಪೋಷಣೆಯ ಆಹಾರಗಳ ನಿಯಮಗಳು ಧಾನ್ಯಾಧಾರಿತ ಪೂರಕ ಆಹಾರಕ್ಕೆ ಪ್ರತ್ಯೇಕ ಮಾನಕ ನೀಡಿವೆ. ಸಂಸ್ಕರಿತ ಧಾನ್ಯಾಧಾರಿತ ಪೂರಕ ಆಹಾರಕ್ಕೆ ಐ.ಎಸ್. 11536 ಎಂಬ ಭಾರತೀಯ ಮಾನಕವೂ ಇದೆ. ಸಾಮಾನ್ಯ ಹಿಟ್ಟಿನ ಪರವಾನಗಿ ಇಟ್ಟುಕೊಂಡು ಶಿಶು ಆಹಾರ ತಯಾರಿಸುವುದು ಸರಿಯಲ್ಲ. ಪರವಾನಗಿ ಅರ್ಜಿಯಲ್ಲಿ ಸರಿಯಾದ ಉತ್ಪನ್ನ ವರ್ಗವನ್ನೇ ನಮೂದಿಸಬೇಕು. 2020ರ ಲೇಬಲ್ ನಿಯಮಗಳಂತೆ ಗ್ಲುಟೆನ್ ಇರುವ ಧಾನ್ಯ, ಹಾಲು, ಮೊಟ್ಟೆ, ಮೀನು, ಸಿಗಡಿ–ಏಡಿಯಂತಹ ಜಲಚರ, ನೆಲಗಡಲೆ ಮತ್ತು ಗೋಡಂಬಿ–ಬಾದಾಮಿಯಂತಹ ಬೀಜ, ಸೋಯಾ, ಹಾಗೂ ಕಿಲೋಗೆ 10 ಮಿಲಿಗ್ರಾಂ ಮತ್ತು ಅದಕ್ಕೂ ಮಿಕ್ಕ ಸಲ್ಫೈಟ್ ಇದ್ದರೆ ಅದನ್ನು ಪ್ರತ್ಯೇಕವಾಗಿ ಘೋಷಿಸಬೇಕು.

ಎರಡನೆಯದು ಶಿಶು ಹಾಲಿನ ಬದಲಿಗಳು, ಹಾಲುಣಿಸುವ ಸೀಸೆಗಳು ಮತ್ತು ಶಿಶು ಆಹಾರಗಳನ್ನು ನಿಯಂತ್ರಿಸುವ 1992ರ ಅಧಿನಿಯಮ. 2003ರಲ್ಲಿ ಇದನ್ನು ತಿದ್ದುಪಡಿ ಮಾಡಿ ಬಿಗಿಗೊಳಿಸಲಾಯಿತು. ಆರು ತಿಂಗಳ ಬಳಿಕ ಎರಡು ವರ್ಷದವರೆಗಿನ ಮಗುವಿಗೆ ತಾಯಿಯ ಹಾಲಿನ ಜೊತೆಗೆ ಪೂರಕವೆಂದು ಮಾರುವ ಆಹಾರ, ಅದರ ಹೆಸರು ಏನೇ ಇರಲಿ, ಈ ಕಾನೂನಿನ ದೃಷ್ಟಿಯಲ್ಲಿ ‘ಶಿಶು ಆಹಾರ’. ಇದರ ಪ್ರಮುಖ ಅಂಶಗಳು ಹೀಗಿವೆ:

ಅ) ಶಿಶು ಆಹಾರದ ಜಾಹೀರಾತು ನಿಷಿದ್ಧ.

ಆ) ಪೊಟ್ಟಣದ ಮೇಲೆ ಮಗುವಿನ ಅಥವಾ ಮಹಿಳೆಯ ಚಿತ್ರ ಇರಕೂಡದು. ಮಾರಾಟ ಹೆಚ್ಚಿಸುವ ಉದ್ದೇಶದ ಚಿತ್ರ, ನುಡಿಗಟ್ಟುಗಳಿಗೂ ಅವಕಾಶವಿಲ್ಲ.

ಇ) ಮುಖ್ಯ ಸೂಚನೆಯ ಅಡಿಯಲ್ಲಿ ತಾಯಿಯ ಹಾಲೇ ಶ್ರೇಷ್ಠವೆಂಬ ಹೇಳಿಕೆ, ಆರೋಗ್ಯ ಕಾರ್ಯಕರ್ತರ ಸಲಹೆಯಂತೆ ಬಳಸಬೇಕೆಂಬ ಮಾತು, ಇದೊಂದೇ ಮಗುವಿನ ಪೋಷಣೆಯ ಮೂಲವಲ್ಲವೆಂಬ ಎಚ್ಚರಿಕೆ ಇರಬೇಕು.

ಈ) ಉಚಿತ ಮಾದರಿ, ಉಡುಗೊರೆ, ಕೊಡುಗೆಗಳ ಮೂಲಕ ಪ್ರಚಾರ ಮಾಡುವಂತಿಲ್ಲ. ಆರೋಗ್ಯ ಕಾರ್ಯಕರ್ತರಿಗೆ ಆಮಿಷ ಒಡ್ಡುವಂತಿಲ್ಲ.

ಉಲ್ಲಂಘನೆಗೆ ಸೆರೆವಾಸದ ಶಿಕ್ಷೆಯೂ ಇದೆ. ನಗುವ ಮಗುವಿನ ಚಿತ್ರ ಮುದ್ರಿಸಿದ ಸರಿ ಹಿಟ್ಟಿನ ಪೊಟ್ಟಣವನ್ನು ಮೇಳದಲ್ಲಿ ರಿಯಾಯಿತಿ ದರಕ್ಕೆ ಮಾರುವ ಸಣ್ಣ ಉದ್ಯಮಿ ತನಗರಿವಿಲ್ಲದೆಯೇ ಹಲವು ಕಲಮುಗಳನ್ನು ಮುರಿದಿರುತ್ತಾನೆ. ಪೊಟ್ಟಣ ಮುದ್ರಣಕ್ಕೆ ಕೊಡುವ ಮೊದಲೇ ಇದನ್ನು ತಿಳಿದುಕೊಂಡರೆ ಮುದ್ರಣದ ಖರ್ಚೂ ಉಳಿಯುತ್ತದೆ, ಮಾನವೂ ಉಳಿಯುತ್ತದೆ.

9. ಅಂಗಡಿಯಲ್ಲಿ ಆಡುವ ಮಾತು

ವರ್ತಕರ ಜವಾಬ್ದಾರಿ ಪೊಟ್ಟಣಕ್ಕೆ ಮುಗಿಯುವುದಿಲ್ಲ. ‘ಮಗುವಿಗೆ ಪದೇ ಪದೇ ಭೇದಿ ಆಗುತ್ತಿದೆ’ ಎಂದ ತಾಯಿಗೆ ‘ಗೋಧಿ ಬಿಡಿ ಅಮ್ಮ, ಇದನ್ನು ಕೊಡಿ’ ಎಂದು ಸಲಹೆ ಕೊಡುವುದು ಸಹಾಯದಂತೆ ಕಂಡರೂ ಅಪಾಯಕರ. ಸೀಲಿಯಾಕ್ ರೋಗದ ರಕ್ತಪರೀಕ್ಷೆ ಮತ್ತು ಕರುಳಿನ ಪರೀಕ್ಷೆ ಸರಿಯಾದ ಫಲ ನೀಡಬೇಕಾದರೆ ಮಗು ಗೋಧಿ ತಿನ್ನುತ್ತಿರಬೇಕು. ಮೊದಲೇ ಗೋಧಿ ನಿಲ್ಲಿಸಿದರೆ ರೋಗವಿದ್ದರೂ ಪರೀಕ್ಷೆಯಲ್ಲಿ ತಪ್ಪಿಹೋಗಬಹುದು. ಅಂತಹ ತಾಯಿಯನ್ನು ಮೊದಲು ಮಕ್ಕಳ ವೈದ್ಯರ ಬಳಿಗೆ ಕಳುಹಿಸುವುದೇ ಧರ್ಮ.

ಆರೋಗ್ಯವಂತ ಶಿಶುವಿಗೆ ಗ್ಲುಟೆನ್ ವರ್ಜಿಸಬೇಕಾದ ಅಗತ್ಯವೂ ಇಲ್ಲ. ಗೋಧಿಯನ್ನು ತಡವಾಗಿ ಕೊಟ್ಟರೆ ಸೀಲಿಯಾಕ್ ರೋಗ ಬಾರದಂತೆ ತಡೆಯಬಹುದೆಂಬುದಕ್ಕೆ ಆಧಾರವಿಲ್ಲವೆಂದು ಯುರೋಪಿನ ಮಕ್ಕಳ ಜಠರ–ಕರುಳು ತಜ್ಞರ ಸಂಘವು 2016ರಲ್ಲಿ ಸ್ಪಷ್ಟಪಡಿಸಿದೆ. ರಾಗಿ ಸರಿಯನ್ನು ಅದರ ಸುಣ್ಣದ ಅಂಶಕ್ಕಾಗಿ, ಮೊಳಕೆಯ ಗುಣಕ್ಕಾಗಿ ಹೊಗಳಬಹುದು. ಗೋಧಿಯ ಭಯ ಹುಟ್ಟಿಸಿ ರಾಗಿಯನ್ನು ಮಾರುವುದು ಬೇಡ.

10. ಕಿರು ಉದ್ದಿಮೆದಾರನ ಮುಂದಿನ ದಾರಿ

ಇಷ್ಟೆಲ್ಲ ಓದಿದ ಮೇಲೆ ಈ ಉದ್ಯಮವೇ ಬೇಡವೆನಿಸಬಹುದು. ಹಾಗಾಗಬೇಕಿಲ್ಲ. ಹಂತಹಂತವಾಗಿ ಸಾಗುವುದು ಜಾಣತನ.

ಮೊದಲ ಹಂತದಲ್ಲಿ, ಗೋಧಿಯನ್ನು ಒಳಗೆ ಬಿಡದ ಒಂದು ಪ್ರತ್ಯೇಕ ಘಟಕವನ್ನು ರೂಪಿಸಿ, ಎಲ್ಲ ವಯಸ್ಸಿನವರೂ ಬಳಸುವ ರಾಗಿ ಹಿಟ್ಟು, ರಾಗಿ ಅಂಬಲಿ ಹಿಟ್ಟು ತಯಾರಿಸಿ ಪರೀಕ್ಷೆಗೆ ಒಳಪಡಿಸಬಹುದು. ಇಲ್ಲಿ ಶಿಶುವಿನ ಹೆಸರನ್ನು ಎತ್ತಬಾರದು; ಪೊಟ್ಟಣದ ಮೇಲೆ ‘ಎಲ್ಲರಿಗೂ’ ಎಂದು ಬರೆದು ಬಾಯಲ್ಲಿ ‘ಮಗುವಿಗೆ’ ಎಂದು ಮಾರುವುದು ಕಾನೂನಿಗೆ ಕಣ್ಣುಕಟ್ಟು. ಸತತವಾಗಿ ಅನೇಕ ತಂಡಗಳು ಮಿತಿಯೊಳಗೆ ಬಂದ ಮೇಲೆ ‘ಗ್ಲುಟೆನ್‌ರಹಿತ’ ಎಂಬ ಪದ ಮುದ್ರಿಸಬಹುದು. ಎರಡನೆಯ ಹಂತದಲ್ಲಿ, ಶಿಶು ಆಹಾರದ ಮಾನಕ, ಸೂಕ್ಷ್ಮಾಣು ಪರೀಕ್ಷೆ ಹಾಗೂ ಲೇಬಲ್ ನಿಯಮಗಳಿಗೆ ತಕ್ಕ ಸೌಲಭ್ಯ ಹೊಂದಿಸಿಕೊಂಡು ಆ ವರ್ಗಕ್ಕೆ ಕಾಲಿಡಬೇಕು. ಒಬ್ಬರಿಗೆ ಭಾರವಾದರೆ ಒಂದೇ ತಾಲ್ಲೂಕಿನ ನಾಲ್ಕೈದು ಘಟಕಗಳು ಸೇರಿ ಗೋಧಿಮುಕ್ತ ಗಿರಣಿಯೊಂದನ್ನು ಸಾಮೂಹಿಕವಾಗಿ ನಡೆಸಬಹುದು.

ಆರಂಭಕ್ಕೆ ಮುನ್ನ ಪ್ರತಿಯೊಬ್ಬ ತಯಾರಕರೂ ತಮಗೆ ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಇವು: ನನ್ನ ರಾಗಿ ಬಂದ ಚೀಲದಲ್ಲಿ ಹಿಂದೆ ಏನಿತ್ತು? ನನ್ನ ಯಂತ್ರದಲ್ಲಿ ನಿನ್ನೆ ಏನು ಬೀಸಿದೆ? ನನ್ನ ಮಿಶ್ರಣದ ಪ್ರತಿ ಪದಾರ್ಥದ ಮೂಲ ನನಗೆ ಗೊತ್ತೇ? ಇಂದಿನ ತಂಡದ ಪರೀಕ್ಷಾ ವರದಿ ನನ್ನ ಬಳಿ ಇದೆಯೇ? ನನ್ನ ಪೊಟ್ಟಣದ ಮೇಲಿನ ಚಿತ್ರ ಮತ್ತು ಮಾತು ಕಾನೂನಿಗೆ ಒಪ್ಪುತ್ತದೆಯೇ?

ಈ ಐದು ಪ್ರಶ್ನೆಗಳಿಗೂ ನೇರವಾದ ಉತ್ತರ ಇರುವವರು ಧೈರ್ಯವಾಗಿ ಮುಂದುವರಿಯಬಹುದು. ಒಂದಕ್ಕಾದರೂ ಉತ್ತರವಿಲ್ಲದವರು ಆ ಎರಡು ಪದಗಳನ್ನು ಸದ್ಯಕ್ಕೆ ಮುದ್ರಿಸದಿರುವುದೇ ಲೇಸು. ಅವುಗಳಿಲ್ಲದೆಯೂ ಒಳ್ಳೆಯ ರಾಗಿ ಹಿಟ್ಟು ಮಾರಾಟವಾಗುತ್ತದೆ. ಆದರೆ ಅವುಗಳನ್ನು ನಂಬಿ ದೂರದ ಊರಿನಲ್ಲಿ ಒಬ್ಬ ತಾಯಿ ತನ್ನ ಕಾಯಿಲೆಯ ಮಗುವಿಗೆ ತುತ್ತು ಕೊಡುತ್ತಿರುತ್ತಾಳೆ ಎಂಬುದು ನಮ್ಮ ಗಿರಣಿಯ ಪ್ರತಿಯೊಬ್ಬ ಕೆಲಸಗಾರನಿಗೂ ತಿಳಿದಿರಬೇಕು.